ಒಂದೇ ಶರೀರ, ಎರಡು ಹೆಸರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಮಲಪ್ರಭೆಯ ಸೀಮೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ನೂರು ಜನರನ್ನು ನಿಲ್ಲಿಸಿದರೆ ಅವರಲ್ಲಿ ಕ್ರೈಸ್ತರು ಒಬ್ಬರೂ ಇರಲಾರರು. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಗೆ, ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದವು. ಈ ಎರಡು ಊರುಗಳ ನಡುವೆ ಹರಡಿದ ಎರೆಭೂಮಿಯಲ್ಲಿ ಸಣ್ಣ ಸಣ್ಣ ಸಭೆಗಳು ಹುಟ್ಟಿಕೊಂಡವು. ಕ್ರೈಸ್ತರ ಮದುವೆಯಲ್ಲಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮಾತೊಂದು ಬಂದೇ ಬರುತ್ತದೆ: ಗಂಡು ಹೆಣ್ಣು ಇಬ್ಬರೂ ಇನ್ನು ಒಂದೇ ಶರೀರ ಎಂಬುದು ಅದರ ತಿರುಳು. ಕೇಳಲು ಹಿತವಾದ ಮಾತು. ಆದರೆ ಇಬ್ಬರು ಒಂದಾಗುವುದೆಂದರೆ ಆ ‘ಒಂದು’ ಯಾರು? ಹೆಂಡತಿಯು ಗಂಡನೊಳಗೆ ಕರಗಿಹೋಗುವುದೋ, ಇಬ್ಬರೂ ತಮ್ಮ ತಮ್ಮ ಕಾಲ ಮೇಲೆ ನಿಂತೇ ಒಂದಾಗುವುದೋ? ಕ್ರೈಸ್ತ ಸೃಷ್ಟಿದೃಷ್ಟಿ ಎತ್ತಿಹಿಡಿಯುವುದು ಎರಡನೆಯದನ್ನು. ಕ್ರೈಸ್ತ ಸಮಾಜಗಳು ಬಹುಕಾಲ ನಡೆದದ್ದು ಮೊದಲನೆಯದರಂತೆ. ಯಾವ ಸಮಾಜ ಯಾವುದನ್ನು ನಂಬಿದೆ ಎಂದು ತಿಳಿಯಲು ಮದುವೆಯ ಚಪ್ಪರ ಸರಿಯಾದ ಜಾಗವಲ್ಲ. ಗಂಡ ಸತ್ತ ಮೇಲೆ ಹೆಂಡತಿಯ ಪಾಲಿಗೆ ಏನು ಉಳಿಯುತ್ತದೆ ಎಂಬುದನ್ನು ನೋಡಬೇಕು.

ಮೊದಲು ಮೂಲಕ್ಕೇ ಹೋಗೋಣ. ಆದಿಕಾಂಡದಲ್ಲಿ ಮನುಷ್ಯನ ಸೃಷ್ಟಿಯನ್ನು ಎರಡು ಸಲ ಹೇಳಿದೆ. ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡುತ್ತಾನೆ, ಅದೇ ಉಸಿರಿನಲ್ಲಿ ಗಂಡಾಗಿಯೂ ಹೆಣ್ಣಾಗಿಯೂ ಉಂಟುಮಾಡುತ್ತಾನೆ. ಹರಸುವುದು ಇಬ್ಬರನ್ನೂ, ಭೂಮಿಯ ಮೇಲಿನ ಒಡೆತನ ಕೊಡುವುದು ಇಬ್ಬರಿಗೂ. ಒಬ್ಬರ ಮೇಲೆ ಇನ್ನೊಬ್ಬರಿಗೆ ಒಡೆತನವೆಂಬ ಮಾತು ಅಲ್ಲಿಲ್ಲ. ಎರಡನೆಯ ಅಧ್ಯಾಯದ ಧಾಟಿ ಬೇರೆ, ಅದು ಹೊಲಮನೆಯ ಕಥೆಯಂತಿದೆ. ಮಣ್ಣಿನಿಂದ ಮಾಡಿದ ಮನುಷ್ಯ, ಅವನಿಗೊಂದು ತೋಟ, ಉಳುವ ಕಾಯುವ ಕೆಲಸ. ಅಲ್ಲಿಯವರೆಗೆ ಪ್ರತಿಯೊಂದನ್ನೂ ನೋಡಿ ಒಳ್ಳೆಯದೆಂದ ದೇವರು ಮೊದಲ ಸಲ ಒಳ್ಳೆಯದಲ್ಲವೆನ್ನುವುದು ಈ ಮನುಷ್ಯನ ಒಂಟಿತನವನ್ನು ಕಂಡು. ದನಕರು, ಹಕ್ಕಿಪಕ್ಷಿಗಳು ಸಾಲಾಗಿ ಬರುತ್ತವೆ. ಯಾವುದೂ ಅವನಿಗೆ ಸರಿಜೋಡಿಯಾಗುವುದಿಲ್ಲ. ಕೊನೆಗೆ ಅವನಿಗೆ ಗಾಢನಿದ್ದೆ, ಪಕ್ಕೆಲುಬು, ಹೆಣ್ಣು. ಅವಳನ್ನು ಕಂಡಾಗ ಅವನ ಬಾಯಿಂದ ಹೊರಡುವುದು ಅಪ್ಪಣೆಯಲ್ಲ, ಗುರುತು ಹಿಡಿದವನ ಉದ್ಗಾರ. ತನ್ನದೇ ಎಲುಬು, ತನ್ನದೇ ಮಾಂಸವೆಂದು ಹಿಗ್ಗುತ್ತಾನೆ. ಅದಾದ ಕೂಡಲೇ ಕಥೆಗಾರ ಒಂದು ವಿಚಿತ್ರ ಮಾತು ಸೇರಿಸುತ್ತಾನೆ. ಗಂಡು ತಾಯ್ತಂದೆಯರನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ ಎನ್ನುತ್ತಾನೆ. ನಮ್ಮಲ್ಲಿ ತವರು ಬಿಟ್ಟು ಬರುವವಳು ಹೆಣ್ಣು. ಮನೆ ತುಂಬಿಸಿಕೊಳ್ಳುವುದು ಸೊಸೆಯನ್ನು. ಹಳೆಯ ಇಸ್ರೇಲಿನಲ್ಲೂ ರೂಢಿ ಹೆಚ್ಚುಕಡಿಮೆ ಹೀಗೆಯೇ ಇತ್ತು. ರೂಢಿಗೆ ಎದುರಾಗಿ, ಬಿಡಬೇಕಾದವನು ಗಂಡು ಎಂದು ಬರೆದಿಟ್ಟ ಈ ವಾಕ್ಯವನ್ನು ನಮ್ಮ ಪ್ರವಚನಕಾರರು ಇನ್ನಷ್ಟು ಗಟ್ಟಿಯಾಗಿ ಓದಬಹುದಿತ್ತು. ಒಂದೇ ಶರೀರವೆಂಬ ಮಾತು ಬರುವುದು ಈ ಬಿಡುವಿಕೆಯ ಬೆನ್ನಿಗೇ. ಗಂಡು ತನ್ನ ಹಕ್ಕಿನ ನೆಲೆಯನ್ನು ಬಿಡದೆ ಆ ಐಕ್ಯ ಶುರುವಾಗುವುದಿಲ್ಲ.

ಗಂಡುಹೆಣ್ಣಿನ ಐಕ್ಯ ಈ ಸೀಮೆಗೆ ಹೊಸ ವಿಚಾರವೇನಲ್ಲ. ಮಲಪ್ರಭೆಯ ಕೆಳದಂಡೆಗೆ ಹೋದರೆ ಬಾದಾಮಿಯ ಮೊದಲ ಗುಹೆಯಲ್ಲಿ ಆರನೆಯ ಶತಮಾನದ ಅರ್ಧನಾರೀಶ್ವರನಿದ್ದಾನೆ. ಅರ್ಧ ಶಿವ, ಅರ್ಧ ಪಾರ್ವತಿ. ವಚನಕಾರರಲ್ಲಿ ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ಇನ್ನೊಂದು ದಾರಿ ಹಿಡಿದರು. ಮೊಲೆ, ಮುಡಿ, ಮೀಸೆಗಳು ದೇಹದ ಗುರುತುಗಳು, ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬುದು ಅವರ ನಿಲುವು. ಆದಿಕಾಂಡದ ನಿಲುವು ಇವೆರಡಕ್ಕೂ ಹತ್ತಿರವಿದ್ದೂ ಎರಡರಿಂದಲೂ ಬೇರೆ. ಅಲ್ಲಿ ದೇವರು ಅರ್ಧ ಗಂಡಲ್ಲ, ಅರ್ಧ ಹೆಣ್ಣಲ್ಲ. ದೇವರಿಗೆ ಲಿಂಗವೇ ಇಲ್ಲ. ಗಂಡೂ ಹೆಣ್ಣೂ ತಲಾ ಅರ್ಧ ಮನುಷ್ಯರಲ್ಲ, ದೇವರ ಸ್ವರೂಪ ಒಬ್ಬೊಬ್ಬರಲ್ಲೂ ಪೂರ್ತಿಯಾಗಿದೆ. ವಚನಕಾರರ ಹಾಗೆ ದೇಹವನ್ನು ದಾಟಿ ಸಮಾನತೆಯನ್ನು ಹುಡುಕುವ ಗೊಡವೆಗೂ ಅದು ಹೋಗುವುದಿಲ್ಲ. ದೇಹವೇ ಒಳ್ಳೆಯದು, ದೇಹದ ಭೇದವೂ ಒಳ್ಳೆಯದು, ಆದರೆ ಭೇದದಿಂದ ಮೇಲು ಕೀಳು ಹುಟ್ಟುವುದಿಲ್ಲ ಎನ್ನುತ್ತದೆ. ಹನ್ನೆರಡನೆಯ ಶತಮಾನದ ಶರಣೆಯರ ಮಾತನ್ನು ಕೇಳಿ ಬೆಳೆದ ಓದುಗರಿಗೆ ಇದು ಪರಕೀಯವೆನಿಸಬೇಕಾಗಿಲ್ಲ. ತಕರಾರು ಬರುವುದು ಬೇರೆ ಕಡೆಯಿಂದ, ಅದೂ ಬೈಬಲನ್ನು ಚೆನ್ನಾಗಿ ಓದಿದವರಿಂದಲೇ.

ಆದಾಮ ಮೊದಲು, ಹವ್ವ ಆಮೇಲೆ. ಅವಳು ಅವನ ಪಕ್ಕೆಲುಬಿನಿಂದ ಬಂದವಳು, ಅವನಿಗೆ ಸಹಾಯಕಿಯಾಗಿ ಬಂದವಳು. ಹಾಗಾದರೆ ಅವಳ ಸ್ಥಾನ ಎರಡನೆಯದಲ್ಲವೇ? ಮೊದಲು ಹುಟ್ಟಿದವರೇ ಮೇಲೆನ್ನುವುದಾದರೆ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗಿಂತ ಮೀನು, ಹಕ್ಕಿ, ದನಗಳು ಮುಂಚೆ ಹುಟ್ಟಿವೆ. ಇಷ್ಟೇ ಆಗಿದ್ದರೆ ಜಾಣತನದ ಉತ್ತರವೆಂದು ತಳ್ಳಿಹಾಕಬಹುದಿತ್ತು. ಆದರೆ ಆದಿಕಾಂಡ ಪುಸ್ತಕದುದ್ದಕ್ಕೂ ಹಿರಿತನದ ಹಕ್ಕನ್ನು ಬುಡಮೇಲು ಮಾಡುತ್ತಲೇ ಹೋಗುತ್ತದೆ. ಕಾಯಿನನನ್ನು ಬಿಟ್ಟು ಹೇಬೆಲ, ಇಷ್ಮಾಯೇಲನನ್ನು ಬಿಟ್ಟು ಇಸಾಕ, ಏಸಾವನನ್ನು ಬಿಟ್ಟು ಯಾಕೋಬ, ಹತ್ತು ಮಂದಿ ಅಣ್ಣಂದಿರನ್ನು ಬಿಟ್ಟು ಯೋಸೇಫ, ಮನಸ್ಸೆಯನ್ನು ಬಿಟ್ಟು ಎಫ್ರಾಯೀಮ. ಮೊದಲು ಬಂದವನೇ ಯಜಮಾನ ಎಂಬ ನಿಯಮವನ್ನು ಇಷ್ಟು ಸಲ ಮುರಿದ ಗ್ರಂಥ, ಗಂಡುಹೆಣ್ಣಿನ ವಿಷಯದಲ್ಲಿ ಮಾತ್ರ ಅದೇ ನಿಯಮವನ್ನು ಸದ್ದಿಲ್ಲದೆ ಎತ್ತಿಹಿಡಿಯುತ್ತದೆ ಎನ್ನುವವರೇ ಅದಕ್ಕೆ ಆಧಾರ ತೋರಿಸಬೇಕು. ಸಹಾಯದ ಮಾತೂ ಅಷ್ಟೆ. ಕೀರ್ತನೆಗಳಲ್ಲಿ ಇಸ್ರೇಲಿಗೆ ಸಹಾಯಕನಾಗಿ ಬರುವವನು ದೇವರು. ಆ ಕಾರಣಕ್ಕೆ ದೇವರನ್ನು ಇಸ್ರೇಲಿನ ಕೈಯಾಳೆಂದು ಯಾರೂ ಹೇಳಲಿಲ್ಲ. ಪಕ್ಕೆಲುಬಿನ ಬಗ್ಗೆ ಹದಿಮೂರನೆಯ ಶತಮಾನದ ತೋಮಾಸ್ ಅಕ್ವಿನಾಸ್ ಒಂದು ವಿವರಣೆ ಕೊಟ್ಟ. ಗಂಡಿನ ಮೇಲೆ ದರ್ಪ ನಡೆಸಬಾರದೆಂದು ಅವಳನ್ನು ತಲೆಯಿಂದ ತೆಗೆಯಲಿಲ್ಲ, ದಾಸಿಯಂತೆ ತುಳಿತಕ್ಕೆ ಸಿಗಬಾರದೆಂದು ಪಾದದಿಂದಲೂ ತೆಗೆಯಲಿಲ್ಲ ಎಂಬುದು ಅದು. ಅವನ ಈ ಮಾತಿಗೂ ಅವನದೇ ಉಳಿದ ಮಾತುಗಳಿಗೂ ತಾಳೆಯಾಗುವುದಿಲ್ಲ ಎಂಬುದನ್ನು ಮುಂದೆ ನೋಡೋಣ.

ಒಡೆಯ ಮತ್ತು ಅಧೀನೆ ಎಂಬ ಸಂಬಂಧ ಕಥೆಯೊಳಗೆ ಕಾಲಿಡುವುದು ಮೂರನೆಯ ಅಧ್ಯಾಯದಲ್ಲಿ, ಹಣ್ಣು ತಿಂದ ಮೇಲೆ. ಹಣ್ಣು ತಿನ್ನುವಾಗ ಆದಾಮ ಎಲ್ಲೋ ಹೊಲದಲ್ಲಿರಲಿಲ್ಲ, ಅವಳ ಜೊತೆಗೇ ಇದ್ದ ಎಂದು ಪಠ್ಯ ಹೇಳುತ್ತದೆ. ಸಿಕ್ಕಿಬಿದ್ದಾಗ ಅವನು ಬೆರಳು ಮಾಡಿದ್ದು ಹೆಣ್ಣಿನ ಕಡೆಗೆ, ಜೊತೆಗೆ ಅವಳನ್ನು ಕೊಟ್ಟ ದೇವರ ಕಡೆಗೂ. ತನ್ನದೇ ಎಲುಬೆಂದು ಹಿಗ್ಗಿದವನು ಒಂದು ಅಧ್ಯಾಯ ಕಳೆಯುವಷ್ಟರಲ್ಲಿ ಅವಳ ಮೇಲೆ ತಪ್ಪು ಹೊರಿಸುತ್ತಾನೆ, ಐಕ್ಯ ಒಡೆಯುವುದು ಅಲ್ಲಿ. ಆಮೇಲೆ ಬರುತ್ತದೆ ಶಿಕ್ಷೆಯ ಪಟ್ಟಿ: ಹೆರಿಗೆಯಲ್ಲಿ ನೋವು, ಹೊಲದಲ್ಲಿ ಮುಳ್ಳು, ಅನ್ನಕ್ಕಾಗಿ ಬೆವರು, ಗಂಡ ಹೆಂಡತಿಯನ್ನು ಆಳುವುದು. ನಾಲ್ಕೂ ಒಂದೇ ಪಟ್ಟಿಯಲ್ಲಿವೆ. ಬೈಲಹೊಂಗಲದ ಎರೆಹೊಲದಲ್ಲಿ ಜೋಳದ ಸಾಲಿನ ನಡುವೆ ಎಡೆ ಹೊಡೆಯುವ, ಕಳೆ ಕೀಳುವ ಕ್ರೈಸ್ತ ರೈತನಿಗೆ ದೇವರ ವಿಧಿಯನ್ನು ಮೀರುತ್ತಿದ್ದೀಯೆ ಎಂದು ಯಾವ ಪಾದ್ರಿಯೂ ಹೇಳಿದ್ದಿಲ್ಲ. ಹೆರಿಗೆಯ ನೋವಿನ ವಿಷಯದಲ್ಲಿ ಮಾತ್ರ ಹೇಳಿದವರಿದ್ದರು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸತೊಡಗಿದಾಗ ಧರ್ಮದ ಹೆಸರಿನ ಆಕ್ಷೇಪಗಳು ಎದ್ದವು. ಆತ ಉತ್ತರಿಸಿದ್ದು ಆದಿಕಾಂಡದಿಂದಲೇ: ಪಕ್ಕೆಲುಬು ತೆಗೆಯುವ ಮುಂಚೆ ದೇವರು ಆದಾಮನಿಗೆ ಗಾಢನಿದ್ದೆ ಬರಿಸಲಿಲ್ಲವೇ ಎಂದ. ಮುಳ್ಳು ಕೀಳಬಹುದು, ನೋವು ಕಳೆಯಬಹುದು. ಆದರೆ ಆಳುವುದನ್ನು ಮಾತ್ರ ಕಾಪಾಡಬೇಕು ಎನ್ನುವ ಓದಿಗೆ ಬುಡವಿಲ್ಲ. ಅದು ಸೃಷ್ಟಿಯ ಕ್ರಮವಲ್ಲ, ಸೃಷ್ಟಿಗೆ ಆದ ಗಾಯ.

ಇದು ಇಂದಿನ ಸ್ತ್ರೀವಾದವನ್ನು ಹಳೆಯ ಗ್ರಂಥದ ಬಾಯಿಗೆ ತುರುಕುವ ಕೆಲಸ ಎನ್ನುವವರಿದ್ದಾರೆ. ಆದರೆ ಹೀಗೆ ಓದಿದವರಲ್ಲಿ ಮೊದಲಿಗನಾಗಿ ನಿಲ್ಲುವವನು ಯೇಸು. ಗಂಡನು ಹೆಂಡತಿಯನ್ನು ಬಿಟ್ಟುಬಿಡಬಹುದೇ ಎಂದು ಫರಿಸಾಯರು ಕೇಳಿದಾಗ ಅವನು ಮೋಶೆಯ ನಿಯಮವನ್ನು ಬದಿಗಿಟ್ಟು, ಆದಿಕಾಂಡದ ಮೊದಲ ಎರಡು ಅಧ್ಯಾಯಗಳ ಮಾತುಗಳನ್ನು ಜೋಡಿಸಿ ಉತ್ತರ ಕೊಟ್ಟ. ತ್ಯಾಗಪತ್ರದ ಅನುಮತಿ ನಿಮ್ಮ ಮನಸ್ಸಿನ ಕಾಠಿಣ್ಯಕ್ಕಾಗಿ ಬಂದದ್ದು, ಆದಿಯಲ್ಲಿ ಹಾಗಿರಲಿಲ್ಲ ಎಂಬುದು ಅವನ ವಾದ. ಪತನಕ್ಕೆ ಮುಂಚಿನ ಸ್ಥಿತಿಯೇ ಅಳತೆಗೋಲು, ನಂತರ ಬಂದ ಕಾನೂನು ಅಳತೆಗೋಲಲ್ಲ. ಸಂತ ಪೌಲನ ವಿಷಯ ಇಷ್ಟು ಸಲೀಸಲ್ಲ. ಗಲಾತ್ಯದವರಿಗೆ ಬರೆಯುವಾಗ ಕ್ರಿಸ್ತನಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲವೆನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಹೆಂಡತಿಯ ದೇಹದ ಮೇಲೆ ಗಂಡನಿಗಿರುವ ಅಧಿಕಾರವೇ ಗಂಡನ ದೇಹದ ಮೇಲೆ ಹೆಂಡತಿಗೂ ಇದೆ ಎನ್ನುತ್ತಾನೆ. ಮೊದಲ ಶತಮಾನದ ರೋಮನ್ ಪಟ್ಟಣದಲ್ಲಿ ಈ ಮಾತಿನ ಎರಡನೆಯ ಭಾಗ ಕೇಳಿದ ಗಂಡಸರು ಬೆಚ್ಚಿಬಿದ್ದಿರಬೇಕು. ಅದೇ ಪತ್ರದಲ್ಲಿ ಗಂಡನು ಹೆಂಡತಿಗೆ ತಲೆ ಎಂದೂ ಇದೆ. ಕೆಲವೇ ಸಾಲು ಕಳೆದ ಮೇಲೆ, ಹೆಣ್ಣು ಗಂಡಿನಿಂದ ಬಂದಂತೆ ಗಂಡೂ ಹೆಣ್ಣಿನ ಮೂಲಕವೇ ಹುಟ್ಟುತ್ತಾನೆ ಎಂದು ತಕ್ಕಡಿಯನ್ನು ಸರಿದೂಗಿಸುವ ಮಾತೂ ಇದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರವಂತೂ ಆದಾಮ ಮೊದಲು ಸೃಷ್ಟಿಯಾದನೆಂಬ ಕಾರಣ ಕೊಟ್ಟು ಹೆಣ್ಣು ಉಪದೇಶಿಸಬಾರದು ಎನ್ನುತ್ತದೆ. ಈ ವಾಕ್ಯವನ್ನು ಮೆತ್ತಗೆ ಮಾಡಿ ತೋರಿಸುವ ಅಗತ್ಯವಿಲ್ಲ, ಅದು ಕಠಿಣವಾಗಿಯೇ ಇದೆ. ಆದರೆ ತಿಮೊಥೆಯ ಆಗ ಇದ್ದದ್ದು ಎಫೆಸದಲ್ಲಿ. ಅದೇ ಎಫೆಸದಲ್ಲಿ ಅಪೊಲ್ಲೋಸನೆಂಬ ಪಂಡಿತನನ್ನು ಕರೆದು ಕೂರಿಸಿಕೊಂಡು ಉಪದೇಶಿಸಿದವರು ಡೇರೆ ಹೊಲಿಯುವ ಒಂದು ಜೋಡಿ, ಪ್ರಿಸ್ಕಿಲ್ಲ ಮತ್ತು ಅಕ್ವಿಲ. ಹೊಸ ಒಡಂಬಡಿಕೆಯಲ್ಲಿ ಈ ದಂಪತಿಯ ಹೆಸರು ಆರು ಸಲ ಬರುತ್ತದೆ, ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ಆರು ಸಲವೂ ಇಬ್ಬರ ಹೆಸರೂ ಇದೆ. ಅಕ್ವಿಲನ ಹೆಂಡತಿ ಎಂದಷ್ಟೇ ಹೇಳಿ ಎಲ್ಲಿಯೂ ಮುಗಿಸಿಲ್ಲ. ಒಂದೇ ಊರಿನ ಕುರಿತ ಈ ಎರಡು ಸಾಕ್ಷ್ಯಗಳಲ್ಲಿ ನಿಷೇಧವನ್ನು ಮಾತ್ರ ಸಾರ್ವಕಾಲಿಕವೆಂದು ಹಿಡಿದು ಪ್ರಿಸ್ಕಿಲ್ಲಳನ್ನು ಅಪವಾದವೆಂದು ಬಿಡುವುದು ಓದುಗನ ಆಯ್ಕೆ, ಗ್ರಂಥದ್ದಲ್ಲ.

ಸಭೆಯ ಹಿರಿಯರು ಬಹುಕಾಲ ಆ ಆಯ್ಕೆಯನ್ನೇ ಮಾಡಿದರು. ಗಂಡನಿಂದ ಬೇರೆಯಾಗಿ, ಸಹಾಯಕಿಯ ಪಾತ್ರದಲ್ಲಷ್ಟೇ ನೋಡಿದರೆ ಹೆಣ್ಣು ದೇವರ ಸ್ವರೂಪವಲ್ಲ, ಗಂಡು ಒಬ್ಬನೇ ಇದ್ದರೂ ಸ್ವರೂಪವೇ ಎಂದು ಅಗಸ್ಟೀನ್ ಬರೆದ. ಪಕ್ಕೆಲುಬಿಗೆ ಚಂದದ ಅರ್ಥ ಕೊಟ್ಟ ಅಕ್ವಿನಾಸನೇ ಅರಿಸ್ಟಾಟಲನ ಜೀವಶಾಸ್ತ್ರವನ್ನು ನಂಬಿ ಹೆಣ್ಣಿನ ಹುಟ್ಟಿನಲ್ಲೇ ಒಂದು ಕೊರತೆಯನ್ನು ಕಂಡ. ಇಂಗ್ಲೆಂಡಿನ ಕಾನೂನು ಇವರನ್ನೂ ಮೀರಿಸಿತು. 1765ರಿಂದ ಪ್ರಕಟವಾಗತೊಡಗಿದ ವಿಲಿಯಂ ಬ್ಲ್ಯಾಕ್‌ಸ್ಟೋನನ ಕಾನೂನು ವ್ಯಾಖ್ಯಾನದಲ್ಲಿ ಗಂಡಹೆಂಡಿರು ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ. ಮದುವೆಯಾದ ದಿನದಿಂದ ಹೆಣ್ಣಿನ ಕಾನೂನು ಅಸ್ತಿತ್ವ ಗಂಡನೊಳಗೆ ಸೇರಿಹೋಗುತ್ತದೆ. ಬೈಬಲಿನ ಒಂದೇ ಶರೀರ ಇಲ್ಲಿ ಗಂಡನ ಶರೀರವಾಯಿತು. ಅವಳ ಗಳಿಕೆ ಅವನದು, ಅವಳ ಹೆಸರಿನಲ್ಲಿ ಕರಾರಿಲ್ಲ, ದಾವೆಯಿಲ್ಲ. ಇಂಥ ಕಾನೂನಿನ ದೇಶದಿಂದ ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರಲ್ಲಿ ಕಿತ್ತೂರಿನ ಭಂಡಾರಕ್ಕೆ ಬೀಗಮುದ್ರೆ ಹಾಕಲು ಹೋಗಿ ಎದುರಾದದ್ದು ಚೆನ್ನಮ್ಮ ಎಂಬ ವಿಧವೆ ರಾಣಿಗೆ. ಅವಳ ಗಂಡ ಮಲ್ಲಸರ್ಜ ದೇಸಾಯಿ 1816ರಲ್ಲೇ ತೀರಿಕೊಂಡಿದ್ದ. 1824ರಲ್ಲಿ ಅವನ ಮಗನೂ ಹೋದ. ದತ್ತುಮಗನ ಹಕ್ಕನ್ನು ಕಂಪನಿ ಒಪ್ಪಲಿಲ್ಲ, ಚೆನ್ನಮ್ಮ ಕಂಪನಿಯನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ತನ್ನ ದೇಶದಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಪೆಟ್ಟಿಗೆಯ ಮೇಲೂ ಹಕ್ಕಿಲ್ಲದಿದ್ದಾಗ, ಗಂಡ ಸತ್ತ ಹೆಣ್ಣೊಬ್ಬಳು ಸಂಸ್ಥಾನದ ಭಂಡಾರದ ಬೀಗದ ಕೈ ಹಿಡಿದು ನಿಂತದ್ದು ಆ ಅಧಿಕಾರಿಗೆ ಅರ್ಥವಾಗದೆ ಹೋಗಿದ್ದರೆ ಆಶ್ಚರ್ಯವೇನಿಲ್ಲ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಸಮಾಧಿ ಇಂದಿಗೂ ಆ ಊರಿನಲ್ಲಿದೆ.

ಐಕ್ಯವೆಂದರೆ ಕರಗುವುದು ಎಂದು ನಂಬಿದರೆ ಅದರ ಬೆಲೆಯನ್ನು ತೆರುವವಳು ವಿಧವೆ. ಕರಗಿಸಿಕೊಂಡವನು ಹೋದ ಮೇಲೆ ಕರಗಿದವಳಿಗೆ ಉಳಿಯಲು ಜಾಗವೇ ಇರುವುದಿಲ್ಲ. ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮ ದೇವಿಯೂ ಜಮದಗ್ನಿಯ ಸಾವಿನ ಹುಣ್ಣಿಮೆಗೆ ಬಳೆ ಕಳೆದುಕೊಳ್ಳುತ್ತಾಳೆ, ಮುಂದೆ ಮತ್ತೊಂದು ಹುಣ್ಣಿಮೆಗೆ ಮುತ್ತೈದೆಯಾಗುತ್ತಾಳೆ. ದೇವತೆಗೇ ತಪ್ಪದ ಈ ವಿಧಿಯನ್ನು ಭಕ್ತರು ಲಕ್ಷಗಟ್ಟಲೆ ಬಂದು ತಮ್ಮದೆಂದು ಅನುಭವಿಸುತ್ತಾರೆ. ಆ ಭಕ್ತಿಯನ್ನು ಬೇರೆ ಧರ್ಮದ ತಕ್ಕಡಿಯಲ್ಲಿಟ್ಟು ತೂಗುವ ಇರಾದೆ ಇಲ್ಲಿಲ್ಲ. ಕ್ರೈಸ್ತ ಸಮಾಜ ತನ್ನ ವಿಧವೆಯರನ್ನು ಹೇಗೆ ಕಂಡಿತು ಎಂಬುದೇ ಇಲ್ಲಿಯ ಪ್ರಶ್ನೆ. ಅದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಸಾಕ್ಷ್ಯವಿದೆ. ಬಳ್ಳಾರಿಯ ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತ ವ್ಯಾಪಾರಿ ಕಷ್ಟಪಟ್ಟು ಆಸ್ತಿ ಮಾಡಿ 1842ರಲ್ಲಿ ತೀರಿಕೊಂಡ. ಅವನ ತಮ್ಮ ಫ್ರಾನ್ಸಿಸ್, ನಾವು ಹಿಂದೂ ಮೂಲದವರು, ನಮ್ಮದು ಅವಿಭಕ್ತ ಕುಟುಂಬ, ಆಸ್ತಿಯಲ್ಲಿ ನನಗೂ ಪಾಲಿದೆ ಎಂದ. ಹೆಂಡತಿ ಷಾರ್ಲಟ್ ಒಪ್ಪದೆ ಕೋರ್ಟು ಹತ್ತಿದಳು. ವ್ಯಾಜ್ಯ ಬಳ್ಳಾರಿಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1863ರಲ್ಲಿ ತೀರ್ಪು ಬಂತು: ಕ್ರೈಸ್ತನಾದವನು ಹಿಂದೂ ಅವಿಭಕ್ತ ಕುಟುಂಬದ ನಿಯಮಕ್ಕೆ ಕಟ್ಟುಬಿದ್ದಿಲ್ಲ, ಅವನು ಬದುಕಿದ ರೀತಿಯೇ ಅವನ ಕಾನೂನನ್ನು ತೋರಿಸುತ್ತದೆ. ಗಂಡನ ತಮ್ಮನ ಹಕ್ಕಿಗಿಂತ ಹೆಂಡತಿಮಕ್ಕಳ ಹಕ್ಕು ಮುಂದೆ ನಿಂತಿತು. ಗಂಡು ತಾಯ್ತಂದೆಯನ್ನು ಬಿಟ್ಟು ಹೆಂಡತಿಯನ್ನು ಸೇರುತ್ತಾನೆ ಎಂಬ ಮಾತಿಗೆ ಕೋರ್ಟಿನ ಕಾಗದದಲ್ಲಿ ಬೆಲೆ ಬಂದದ್ದು ಹೀಗೆ, ಅದೂ ಒಬ್ಬ ವಿಧವೆಯ ಹಟದಿಂದ.

ಮುಂದಿನ ಹೆಜ್ಜೆ 1865ರ ಇಂಡಿಯನ್ ಸಕ್ಸೆಷನ್ ಆ್ಯಕ್ಟ್. ಅದು ಕ್ರೈಸ್ತರಿಗೆ ಅನ್ವಯವಾಯಿತು. ಮದುವೆಯಿಂದ ಯಾರಿಗೂ ಇನ್ನೊಬ್ಬರ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಯಾರೂ ತಮ್ಮ ಆಸ್ತಿಯ ಮೇಲಿನ ಅಧಿಕಾರವನ್ನು ಕಳೆದುಕೊಳ್ಳುವುದೂ ಇಲ್ಲ ಎಂದು ಅದರ ನಾಲ್ಕನೆಯ ಕಲಮು ಹೇಳಿತು. ಇಂಗ್ಲೆಂಡಿನ ಹೆಂಡತಿಯರಿಗೆ ಇಷ್ಟು ಹಕ್ಕು ಸಿಗಲು 1882ರ ಕಾಯಿದೆವರೆಗೆ ಕಾಯಬೇಕಾಯಿತು. ಮೃತ್ಯುಪತ್ರವಿಲ್ಲದೆ ಸತ್ತವನ ಆಸ್ತಿಯಲ್ಲಿ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆನ್ನದೆ ಸಮನಾಗಿ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೈಲಹೊಂಗಲ, ಕಿತ್ತೂರು, ಸವದತ್ತಿಗಳ ಕ್ರೈಸ್ತ ಹೆಣ್ಣುಮಕ್ಕಳಿಗೆ ಕಾಗದದ ಮೇಲಾದರೂ ಅಣ್ಣತಮ್ಮಂದಿರ ಸಮಪಾಲು ಬಂದದ್ದು ಆಗ. ನೆರೆಮನೆಯ ಹಿಂದೂ ಹೆಣ್ಣುಮಕ್ಕಳು ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಪಡೆಯಲು ಕರ್ನಾಟಕದ 1994ರ ತಿದ್ದುಪಡಿ ಬರಬೇಕಾಯಿತು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಸಂಸ್ಥಾನಗಳ ಗಡಿಯನ್ನು ತಾವಾಗಿ ದಾಟುತ್ತಿರಲಿಲ್ಲ. ಆ ಗಡಿ 1948ರಲ್ಲಿ ಅಳಿಯಿತು. ಸಂಸ್ಥಾನದ ಗಡಿಯಿಂದ ಎಷ್ಟು ವ್ಯತ್ಯಾಸವಾಗಬಲ್ಲದು ಎಂಬುದಕ್ಕೆ ತಿರುವಾಂಕೂರನ್ನು ನೋಡಬೇಕು. ಅಲ್ಲಿಯ 1916ರ ಕ್ರೈಸ್ತ ವಾರಸಾ ಕಾಯಿದೆ ಮಗಳಿಗೆ ಕೊಟ್ಟದ್ದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಅದನ್ನು ಪ್ರಶ್ನಿಸಿದ ಮೇರಿ ರಾಯ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 1986ರಲ್ಲಿ. ಆ ಕಾಯಿದೆಯ ಕೆಳಗೆ ಬದುಕಿದ ಮನೆಗಳಲ್ಲೂ ಆದಿಕಾಂಡವನ್ನೇ ಓದುತ್ತಿದ್ದರು. ಗ್ರಂಥವೊಂದರಿಂದಲೇ ಸಮಾನತೆ ಬರುವುದಿಲ್ಲ ಎನ್ನುವ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಡ, ಆ ಆಕ್ಷೇಪ ನಿಜ. ಗ್ರಂಥದಿಂದ ಸಿಗುವುದು ಅಳತೆಗೋಲು, ಅಳೆಯುವ ಕೆಲಸ ಮನುಷ್ಯರದು. ವಿಚ್ಛೇದನೆಯ 1869ರ ಕಾಯಿದೆಯಲ್ಲೂ ಇದೇ ಕಥೆ. ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಗಂಡನಿಗೆ ಬಿಡುಗಡೆ. ಹೆಂಡತಿಗಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಸಾಬೀತು ಮಾಡುವ ಹೊರೆ. ಮೋಶೆಯ ನಿಯಮವನ್ನು ಯೇಸು ಬದಿಗಿಟ್ಟದ್ದು ಇಂಥ ಏಕಪಕ್ಷೀಯ ಅನುಕೂಲಕ್ಕೆ ಎದುರಾಗಿಯೇ. ಈ ತಾರತಮ್ಯ 2001ರ ತಿದ್ದುಪಡಿಯವರೆಗೆ ಉಳಿಯಿತು.

ಇನ್ನೊಂದು ಪ್ರಶ್ನೆ ಬೈಲಹೊಂಗಲ ತಾಲ್ಲೂಕಿನಲ್ಲಿಯೇ ಏಳುತ್ತದೆ. ಅಲ್ಲಿಯ ದೇಶನೂರಿನಲ್ಲಿ ಜೆಸ್ವಿತ್ ಸಂನ್ಯಾಸಿಗಳು ಕಟ್ಟಿದ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವಿದೆ. ಬೈಬಲಿನ ಯೊವಾನ್ನನೆಂಬ ಸ್ನಾನಿಕ ಇಲ್ಲಿ ಅರುಳಪ್ಪನಾದ. ಕಾವಿ ಉಟ್ಟು ಲಿಂಗಾಯತ ವಿರಕ್ತರ ರೀತಿಯಲ್ಲಿ ಬಾಳಿದ ಸ್ವಾಮಿ ಅಮಲಾನಂದರ ಹೆಸರನ್ನು ಆ ಭಾಗದವರು ಬಲ್ಲರು. ಗಂಡುಹೆಣ್ಣಿನ ಐಕ್ಯ ಸೃಷ್ಟಿಯ ಶಿಖರವಾದರೆ ಮದುವೆಯಾಗದ ವಿರಕ್ತನ ಬಾಳು ಅರೆಬಾಳೇ? ಅರ್ಧ ಅರ್ಧ ಸೇರಿ ಒಂದು ಎಂಬ ಲೆಕ್ಕ ಹಿಡಿದರೆ ಹೌದೆನ್ನಬೇಕಾಗುತ್ತದೆ, ಆಗ ಯೇಸುವೂ ಅರ್ಧನಾಗುತ್ತಾನೆ, ಅಕ್ಕಮಹಾದೇವಿಯೂ ಅರ್ಧಳಾಗುತ್ತಾಳೆ. ಸ್ವರೂಪ ಒಬ್ಬೊಬ್ಬರಲ್ಲೂ ಪೂರ್ತಿಯಾಗಿದೆ ಎಂಬ ಓದಿನಲ್ಲಿ ಈ ತೊಡಕಿಲ್ಲ. ಪೂರ್ತಿಯಾದ ಇಬ್ಬರು ಒಂದಾಗಬಹುದು, ಪೂರ್ತಿಯಾದ ಒಬ್ಬರು ಒಬ್ಬರಾಗಿಯೇ ಇರಬಹುದು. ಮದುವೆಯಾಗದ ಹೆಣ್ಣನ್ನು ಕನಿಕರದಿಂದ ನೋಡುವ ಸಭೆ ಇದನ್ನು ಒಮ್ಮೆ ಯೋಚಿಸಲಿ.

ಸವದತ್ತಿಯ ಗುಡ್ಡ ಇನ್ನೂ ಕಷ್ಟದ ಪ್ರಶ್ನೆಯೊಂದನ್ನು ಮುಂದಿಡುತ್ತದೆ. ಗಂಡಾಗಿ ಹುಟ್ಟಿ ಸೀರೆ ಉಟ್ಟು ದೇವಿಯ ಸೇವೆಗೆ ನಿಂತ ಜೋಗಪ್ಪಗಳು ಈ ಗಂಡುಹೆಣ್ಣಿನ ಚೌಕಟ್ಟಿನಲ್ಲಿ ಎಲ್ಲಿದ್ದಾರೆ? ಆದಿಕಾಂಡದ ಮೊದಲ ಅಧ್ಯಾಯ ಅವರ ಹೆಸರೆತ್ತುವುದಿಲ್ಲ. ಆದರೆ ಅದು ಹಗಲು ರಾತ್ರಿ ಎನ್ನುವಾಗ ಮುಸ್ಸಂಜೆಯನ್ನು ಹೊರಗಿಟ್ಟಿಲ್ಲ. ಯೆಶಾಯ ಪ್ರವಾದಿ ಐವತ್ತಾರನೆಯ ಅಧ್ಯಾಯದಲ್ಲಿ ನಪುಂಸಕರಿಗೆ ಗಂಡುಹೆಣ್ಣುಮಕ್ಕಳಿಗಿಂತ ಮಿಗಿಲಾದ ಹೆಸರು ಸಿಗುತ್ತದೆನ್ನುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ದೀಕ್ಷಾಸ್ನಾನ ಪಡೆದ ಮೊದಮೊದಲ ಪರದೇಶಿ ಇಥಿಯೋಪ್ಯದ ಒಬ್ಬ ನಪುಂಸಕ ಅಧಿಕಾರಿ. ಸುಪ್ರೀಂ ಕೋರ್ಟು 2014ರಲ್ಲಿ ತೃತೀಯ ಲಿಂಗಿಗಳ ಹಕ್ಕನ್ನು ಒಪ್ಪಿತು. ಸಭೆಗಳು ತಮ್ಮ ಗ್ರಂಥದಲ್ಲೇ ಇರುವ ಈ ಪುಟಗಳನ್ನು ತೆರೆಯಲು ಇನ್ನೂ ಹಿಂಜರಿಯುತ್ತವೆ.

ಹೆಂಗಸರು ಗುರುಗಳಾಗಿ ವೇದಿಕೆ ಏರುವ ವಿಷಯದಲ್ಲಿ ಸಭೆಗಳ ದಾರಿ ಬೇರೆ ಬೇರೆಯಾಗಿದೆ. ದಕ್ಷಿಣ ಭಾರತ ಸಭೆ 1976ರಲ್ಲಿ ಎಲಿಜಬೆತ್ ಪಾಲ್ ಅವರಿಗೆ ಗುರುದೀಕ್ಷೆ ಕೊಟ್ಟಿತು, 2013ರಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಅಮೆರಿಕದ ಮೆಥೋಡಿಸ್ಟರು 1956ರಲ್ಲೇ ಮಹಿಳಾ ಪಾದ್ರಿಗಳಿಗೆ ಪೂರ್ಣ ಹಕ್ಕು ಕೊಟ್ಟಿದ್ದರು. ಎರಡನೆಯ ಜಾನ್ ಪಾಲ್ ಪೋಪರು 1988ರ ಪತ್ರದಲ್ಲಿ, ಗಂಡನ ಆಳ್ವಿಕೆ ಪಾಪದ ಫಲವೆಂದೂ ದಂಪತಿಗಳ ಅಧೀನತೆ ಪರಸ್ಪರವಾದದ್ದೆಂದೂ ಬರೆದರು. 1994ರ ಪತ್ರದಲ್ಲಿ, ಹೆಣ್ಣಿಗೆ ಗುರುದೀಕ್ಷೆ ಕೊಡುವ ಅಧಿಕಾರ ಸಭೆಗಿಲ್ಲವೆಂದರು. ಯೇಸು ಹನ್ನೆರಡು ಗಂಡಸರನ್ನೇ ಆರಿಸಿದನೆಂಬುದು ಅದರ ಆಧಾರ. ಆ ವಾದ ಸೃಷ್ಟಿಯಿಂದ ಹುಟ್ಟಿದ್ದಲ್ಲ, ಪರಂಪರೆಯಿಂದ ಬಂದದ್ದು ಎಂಬುದನ್ನು ಗಮನಿಸಬೇಕು. ಸೃಷ್ಟಿಯ ಮಟ್ಟದಲ್ಲಿ ಎರಡು ಪಕ್ಷಗಳ ನಡುವೆ ಈಗ ಜಗಳ ಉಳಿದಿಲ್ಲ. ಅಗಸ್ಟೀನ್ ಮತ್ತು ಅಕ್ವಿನಾಸರ ಆ ಮಾತುಗಳನ್ನು ಇಂದು ಯಾವ ದೊಡ್ಡ ಸಭೆಯೂ ಸಮರ್ಥಿಸುವುದಿಲ್ಲ.

ಕಡೆಯ ಆಕ್ಷೇಪ ಹೆಂಗಸರದು, ಅದೇ ಎಲ್ಲಕ್ಕಿಂತ ಗಂಭೀರ. ಐಕ್ಯದ ಮಾತು ಬಾಯಿ ಮುಚ್ಚಿಸಲು ಬಳಕೆಯಾಗುತ್ತದೆ. ಹೊಡೆತ ತಿಂದು ಬಂದವಳಿಗೆ ನೀವಿಬ್ಬರೂ ಒಂದೇ, ಹೊಂದಿಕೊಂಡು ಹೋಗು ಎನ್ನುತ್ತಾರೆ. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಅಧೀನಳಾಗಿರು ಎಂಬಲ್ಲಿಗೆ ನಿಲ್ಲಿಸಿ ಓದುವವರ ಕೆಲಸವಿದು. ಅದರ ಮುಂಚಿನ ವಾಕ್ಯ ಇಬ್ಬರೂ ಒಬ್ಬರಿಗೊಬ್ಬರು ಅಧೀನರಾಗಲು ಹೇಳುತ್ತದೆ. ಮುಂದಿನ ಸಾಲುಗಳು ಸ್ವಂತ ಶರೀರವನ್ನು ಯಾರೂ ದ್ವೇಷಿಸುವುದಿಲ್ಲವೆಂದು ಗಂಡನಿಗೆ ನೆನಪಿಸುತ್ತವೆ. ಒಂದೇ ಶರೀರವೆಂದ ಮೇಲೆ ಹೆಂಡತಿಯ ಮೇಲೆ ಕೈ ಮಾಡಿದವನು ಆ ಐಕ್ಯವನ್ನು ತಾನೇ ಮುರಿದಿದ್ದಾನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಕೆಳಗೆ ದೂರು ಕೊಡಲು ಹೋದವಳು ಅದನ್ನು ಮುರಿದಂತಲ್ಲ.

ಕಾಯಿದೆಯಲ್ಲೂ ಕೆಲಸ ಬಾಕಿಯಿದೆ. 1865ರ ಕಾನೂನು 1925ರಲ್ಲಿ ಹೊಸ ರೂಪ ಪಡೆದಾಗಲೂ ಒಂದು ಮೂಲೆ ಹಾಗೆಯೇ ಉಳಿಯಿತು. ಮಕ್ಕಳಿಲ್ಲದ ಕ್ರೈಸ್ತನೊಬ್ಬ ಮೃತ್ಯುಪತ್ರ ಬರೆಯದೆ ಸತ್ತರೆ, ಹೆಂಡತಿಯಿದ್ದಲ್ಲಿ ಅವಳ ಪಾಲು ಹೋಗಿ ಉಳಿದದ್ದೆಲ್ಲ 42ನೆಯ ಕಲಮಿನ ಪ್ರಕಾರ ಅವನ ತಂದೆಗೆ. ತಂದೆ ಬದುಕಿರುವಾಗ ಹೆತ್ತ ತಾಯಿಗೆ ಬಿಡಿಗಾಸೂ ಇಲ್ಲ. ತಂದೆತಾಯಿ ಒಂದೇ ಎನ್ನುವ ನೆಪದಲ್ಲಿ ಆ ‘ಒಂದು’ ಇಲ್ಲಿಯೂ ತಂದೆಯೇ ಆಗಿದ್ದಾನೆ. ಈ ಕಲಮುಗಳನ್ನು ತಿದ್ದಬೇಕೆಂದು ಕಾನೂನು ಆಯೋಗ ತನ್ನ 247ನೆಯ ವರದಿಯಲ್ಲಿ 2014ರಲ್ಲಿ ಶಿಫಾರಸು ಮಾಡಿದೆ. ಸಂಸತ್ತು ಅದನ್ನು ಕೈಗೆತ್ತಿಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಕ್ರೈಸ್ತರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಯಾರಿಗೆ ಬೇಕಾದರೂ ಬರೆದಿಡಬಹುದು. ಅದಕ್ಕೆ ಸ್ಟ್ಯಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು; 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರಿಗೆ ಪ್ರೊಬೇಟಿನ ಕಡ್ಡಾಯವೂ ಹೋಗಿದೆ. ಮದುವೆಗೆ ಮುಂಚೆ ಬರೆದ ಮೃತ್ಯುಪತ್ರ ಮದುವೆಯಾದೊಡನೆ ರದ್ದಾಗುತ್ತದೆ. ಆದ್ದರಿಂದ ಮದುವೆಯಾದವರು ಹೊಸದಾಗಿ ಬರೆಯಬೇಕು, ಬರೆಯುವಾಗ ಹೆಂಡತಿಯ ಹೆಸರಿನ ಜೊತೆಗೆ ತಾಯಿಯ ಹೆಸರನ್ನೂ ಸೇರಿಸಬೇಕು.